ಮಗುವಿನ ಮನಸ್ಸು ಬಾಡಿದಾಗ: ಹದಿಹರೆಯದವರಲ್ಲಿ ಆತ್ಮಹತ್ಯೆಯ ಆಲೋಚನೆ ಮತ್ತು ಮನೆಯವರ ಕರ್ತವ್ಯ



ಜ್ವರ ಬಂದ ಮಗುವಿನ ಹಣೆಯನ್ನು ಮುಟ್ಟಿದೊಡನೆ ತಾಯಿಗೆ ತಿಳಿಯುತ್ತದೆ. ಮನಸ್ಸಿನ ಬೇನೆ ಹಾಗೆ ಕೈಗೆ ತಾಗುವುದಿಲ್ಲ. ‘ಬದುಕೇ ಬೇಡ’ ಎಂಬ ಆಲೋಚನೆ ಹದಿಹರೆಯದ ಮಗನಲ್ಲಿಯೋ ಮಗಳಲ್ಲಿಯೋ ಮೂಡಿದಾಗ ಮನೆಯವರಿಗೆ ತಿಳಿಯುವುದು ತಡ. ತಿಳಿದ ಮೇಲೂ ‘ನಾಲ್ಕು ಜನರಿಗೆ ಗೊತ್ತಾದೀತು’ ಎಂಬ ಅಂಜಿಕೆಯಿಂದ ವೈದ್ಯರ ಬಳಿಗೆ ಕರೆತರುವುದು ಮತ್ತೂ ತಡ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟವರು 1,70,924 ಮಂದಿ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಆದರೆ ಸಕಾಲದಲ್ಲಿ ನೆರವು ದೊರೆತರೆ ಇಂತಹ ಆಲೋಚನೆಯಿಂದ ಹೊರಬಂದು ಎಂದಿನಂತೆ ಬಾಳುವವರೇ ಹೆಚ್ಚು. ಆ ನೆರವನ್ನು ಪಡೆಯುವ ಬಗೆಯನ್ನು ಈ ಸಂಚಿಕೆಯಲ್ಲಿ ತಿಳಿಯೋಣ.

ಗಮನಿಸಬೇಕಾದ ಸೂಚನೆಗಳು

ಹದಿಹರೆಯದವರು ‘ನನಗೆ ದುಃಖವಾಗಿದೆ’ ಎಂದು ಹೇಳಿಕೊಂಡು ಬರುವುದು ಅಪರೂಪ. ತಲೆನೋವು, ಹೊಟ್ಟೆನೋವು, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು ಇಂತಹ ದೂರುಗಳೊಂದಿಗೆ ಬರುತ್ತಾರೆ. ಪರೀಕ್ಷೆಗಳೆಲ್ಲ ಸರಿಯಿದ್ದರೂ ದೂರು ವಾರಗಟ್ಟಲೆ ನಿಲ್ಲದಿದ್ದರೆ ಮನಸ್ಸಿನ ಕಡೆಗೆ ನೋಡಬೇಕು. ಗೆಳೆಯರಿಂದ ದೂರವಾಗುವುದು, ಪ್ರೀತಿಯ ಆಟಪಾಠಗಳನ್ನು ಬಿಡುವುದು, ಸಣ್ಣ ಮಾತಿಗೂ ಸಿಡಿಯುವುದು, ‘ನಾನು ನಿಮಗೆ ಭಾರ’, ‘ನಾನಿಲ್ಲದಿದ್ದರೆ ನೀವು ಸುಖವಾಗಿರುತ್ತೀರಿ’ ಎನ್ನುವುದು, ತನ್ನ ಇಷ್ಟದ ವಸ್ತುಗಳನ್ನು ಇತರರಿಗೆ ಹಂಚಿಬಿಡುವುದು, ಮೈಮೇಲೆ ತಾನೇ ಗಾಯ ಮಾಡಿಕೊಳ್ಳುವುದು ಗಂಭೀರ ಸೂಚನೆಗಳು. ಬಹುದಿನ ಕುಗ್ಗಿದ್ದ ಮಗು ಕಾರಣವಿಲ್ಲದೆ ಒಮ್ಮೆಲೇ ಶಾಂತವಾದರೂ ಎಚ್ಚರ ತಪ್ಪಬಾರದು.

ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಕುಟುಂಬಗಳಲ್ಲಿ ತಂದೆತಾಯಿಗಳು ದುಡಿಯಲು ಗುಳೆ ಹೋದಾಗ ಮಕ್ಕಳು ಅಜ್ಜ-ಅಜ್ಜಿಯರ ಬಳಿ ಇರುತ್ತಾರೆ; ಕೆಲವರು ವಸತಿನಿಲಯಗಳಲ್ಲಿರುತ್ತಾರೆ. ಅಲ್ಲಿ ಈ ಸೂಚನೆಗಳನ್ನು ಮೊದಲು ಕಾಣುವವರು ಅಜ್ಜಿ, ಶಿಕ್ಷಕರು, ನಿಲಯಪಾಲಕರು ಮತ್ತು ಗೆಳೆಯರು. ಕಂಡವರು ಮನೆಯವರಿಗೆ ತಿಳಿಸುವುದು ಚಾಡಿಯಲ್ಲ, ಉಪಕಾರ.

ಕೇಳುವ ಬಗೆ

‘ಆ ಮಾತನ್ನು ಕೇಳಿದರೆ ನಾವೇ ನೆನಪು ಮಾಡಿಕೊಟ್ಟಂತಾಗುತ್ತದೆ’ ಎಂಬ ಭಯ ಬಹು ಜನರಲ್ಲಿದೆ. ಇದು ತಪ್ಪು ತಿಳಿವಳಿಕೆ. ಪ್ರೀತಿಯಿಂದ ನೇರವಾಗಿ ಕೇಳಿದರೆ ಆಲೋಚನೆ ಬೆಳೆಯುವುದಿಲ್ಲ. ಹೊತ್ತ ಭಾರವನ್ನು ಇಳಿಸಲು ಮಗುವಿಗೆ ಒಂದು ಎಡೆ ದೊರೆಯುತ್ತದೆ. ಮೂರನೆಯವರಿಲ್ಲದ ಹೊತ್ತು ನೋಡಿ ಹೀಗೆ ಕೇಳಬಹುದು: ‘ಇತ್ತೀಚೆಗೆ ನೀನು ಬಹಳ ಕುಗ್ಗಿದ್ದೀಯಪ್ಪ. ಜೀವ ಬೇಡವೆಂದು ಅನಿಸುತ್ತಿದೆಯೇ? ಏನಿದ್ದರೂ ಹೇಳು, ನಾನು ಬೈಯುವುದಿಲ್ಲ.’

ಬಳಿಕ ಸುಮ್ಮನೆ ಕೇಳಿಸಿಕೊಳ್ಳಬೇಕು. ‘ನಾವು ನಿನಗೇನು ಕಡಿಮೆ ಮಾಡಿದ್ದೇವೆ?’, ‘ಮನೆಯ ಮಾನ ಕಳೆಯಬೇಡ’, ‘ಇದೆಲ್ಲ ನಾಟಕ’ ಎಂಬ ಮಾತುಗಳು ತೆರೆದ ಬಾಯಿಯನ್ನು ಮುಚ್ಚಿಸುತ್ತವೆ. ‘ಯಾರಿಗೂ ಹೇಳುವುದಿಲ್ಲ’ ಎಂಬ ವಚನವನ್ನೂ ಕೊಡಬಾರದು. ‘ಊರಿಗೆಲ್ಲ ಹೇಳುವುದಿಲ್ಲ, ನಿನ್ನನ್ನು ಉಳಿಸಬಲ್ಲವರಿಗೆ ಮಾತ್ರ ಹೇಳುತ್ತೇನೆ’ ಎನ್ನುವುದು ಪ್ರಾಮಾಣಿಕವಾದ ಮಾತು.

ತಕ್ಷಣ ಮಾಡಬೇಕಾದದ್ದು

ಆಲೋಚನೆಯ ತೀವ್ರತೆ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಗಂಗಾವತಿಯ ಭತ್ತವಿರಲಿ, ಕುಷ್ಟಗಿಯ ದಾಳಿಂಬೆಯಿರಲಿ, ಬೆಳೆಗೆ ಹೊಡೆಯುವ ಎಣ್ಣೆಯನ್ನು ಮನೆಯೊಳಗೆ ಇಡಕೂಡದು. ಬೇಕಾದಷ್ಟನ್ನೇ ತಂದು, ಹೊರಗೆ ಬೀಗ ಹಾಕಿ, ಕೀಲಿಯನ್ನು ಹಿರಿಯರೊಬ್ಬರೇ ಇಟ್ಟುಕೊಳ್ಳಬೇಕು. ಮನೆಯ ಔಷಧಿ ಮಾತ್ರೆಗಳಿಗೂ ಇದೇ ನಿಯಮ. ಅಪಾಯ ತೀವ್ರವೆನಿಸಿದರೆ ಮಗುವನ್ನು ಒಂಟಿಯಾಗಿ ಬಿಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು.

ನೆರವು ಎಲ್ಲಿದೆ?

ಮೊದಲ ನೆರವು ದೂರವಾಣಿಯಲ್ಲಿಯೇ ಇದೆ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮಗುವೇ ಅಲ್ಲದೆ ಆತಂಕಗೊಂಡ ತಂದೆತಾಯಿಗಳೂ ಕರೆ ಮಾಡಿ ‘ಹೇಗೆ ಮಾತನಾಡಲಿ?’ ಎಂದು ಕೇಳಬಹುದು. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿಯೂ ಇದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮತ್ತು ರಾಜ್ಯದ ‘ಮನೋಚೈತನ್ಯ’ ಯೋಜನೆಯಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ಏರ್ಪಾಡಿದೆ. ಬರುವ ದಿನವನ್ನು ಸಮೀಪದ ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿರಿ. ಹದಿಹರೆಯದವರಿಗೆಂದೇ ಸರಕಾರಿ ‘ಸ್ನೇಹ ಕ್ಲಿನಿಕ್’ಗಳಿವೆ. ಕೊಪ್ಪಳದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಹೆಚ್ಚಿನ ಚಿಕಿತ್ಸೆಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ.

ಪೊಲೀಸರ ಭಯದಿಂದ ಚಿಕಿತ್ಸೆಯನ್ನು ತಡಮಾಡಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮಿನಂತೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಕಾನೂನು ಭಾವಿಸುತ್ತದೆ. ಅವರಿಗೆ ಆರೈಕೆ ಒದಗಿಸುವುದು ಸರಕಾರದ ಹೊಣೆ.

ಮಗು ಒಪ್ಪದಿದ್ದರೆ?

‘ನನಗೇನು ಹುಚ್ಚೇ?’ ಎಂದು ಮಕ್ಕಳು ಹಟ ಹಿಡಿಯುವುದು ಸಹಜ. ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ದರೆ ನಂಬಿಕೆ ಮುರಿಯುತ್ತದೆ. ‘ನಿನ್ನ ನಿದ್ರೆ ಸರಿಯಾಗಲಿ, ಒಮ್ಮೆ ತೋರಿಸೋಣ, ಒಳಗೆ ನಾನು ಜೊತೆಗಿರಲೋ, ಹೊರಗೆ ಕೂರಲೋ, ನೀನೇ ಹೇಳು’ ಎಂದು ಆಯ್ಕೆ ಕೊಡಬೇಕು. ತಂದೆಯ ಮಾತಿಗೆ ಒಪ್ಪದ ಮಗ ಸೋದರಮಾವನ ಅಥವಾ ನೆಚ್ಚಿನ ಗುರುಗಳ ಮಾತಿಗೆ ಒಪ್ಪಬಹುದು. ಪರಿಚಿತ ಕುಟುಂಬ ವೈದ್ಯರಿಂದ ಆರಂಭಿಸಿದರೂ ಸರಿಯೇ. ಆದರೆ ಜೀವಕ್ಕೆ ಅಪಾಯವಿರುವಾಗ ಒಪ್ಪಿಗೆಗಾಗಿ ಕಾಯಬಾರದು.

ಆಯುರ್ವೇದದ ದೃಷ್ಟಿ

ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯಾಗಿ ಹೇಳಿದೆ. ಮೊದಲನೆಯದು ಪೂಜೆ-ಪ್ರಾರ್ಥನೆಗಳು, ಎರಡನೆಯದು ಔಷಧ-ಆಹಾರಗಳು, ಮೂರನೆಯದು ಅಹಿತ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದು. ಒಂದಿದ್ದರೆ ಇನ್ನೊಂದು ಬೇಡವೆಂದು ಶಾಸ್ತ್ರ ಹೇಳಿಲ್ಲ. ಮಗುವನ್ನು ಮಠಕ್ಕೆ ಕರೆತಂದು ಪೂಜ್ಯರ ಆಶೀರ್ವಾದ ಪಡೆಯಿರಿ. ಅದರೊಂದಿಗೆ ಮನೋವೈದ್ಯರಿಗೂ ತೋರಿಸಿರಿ. ಬ್ರಾಹ್ಮಿ, ಅಶ್ವಗಂಧಗಳನ್ನು ನಾನೂ ಕೊಡುತ್ತೇನೆ. ಆದರೆ ಸಾಯುವ ಆಲೋಚನೆಯಿರುವ ಮಗುವಿಗೆ ಅವನ್ನಷ್ಟೇ ನೆಚ್ಚಿ ಕೂರುವಂತಿಲ್ಲ; ಅಂತಹವರನ್ನು ಅಂದೇ ಮನೋವೈದ್ಯರ ಬಳಿಗೆ ಕಳುಹಿಸುವುದು ನನ್ನ ಪದ್ಧತಿ.

ಖಿನ್ನತೆಯ ಮಾತ್ರೆಗಳು ಫಲ ಕೊಡಲು ಕೆಲವು ವಾರಗಳು ಬೇಕು. ಆ ಮೊದಲ ವಾರಗಳಲ್ಲಿ ಮಗುವಿನ ಮೇಲೆ ಹೆಚ್ಚಿನ ನಿಗಾ ಇರಲಿ. ಗುಣ ಕಂಡಿತೆಂದು ತಾವಾಗಿಯೇ ನಿಲ್ಲಿಸಬೇಡಿ. ಮಾತ್ರೆಗಳನ್ನು ಹಿರಿಯರೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡಲಿ.

ಮನೆಯ ವಾತಾವರಣ

ಎಸ್‌.ಎಸ್‌.ಎಲ್‌.ಸಿ., ಪಿ.ಯು.ಸಿ. ಫಲಿತಾಂಶದ ದಿನಗಳಲ್ಲಿ ಮನೆಯವರು ಮಕ್ಕಳ ಬಳಿಯೇ ಇರಬೇಕು. ನಮ್ಮ ರಾಜ್ಯದಲ್ಲಿ ಈ ಪರೀಕ್ಷೆಗಳನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಬರೆಯುವ ಅವಕಾಶವಿದೆ. ಇದನ್ನು ಫಲಿತಾಂಶಕ್ಕೆ ಮೊದಲೇ ಮಗುವಿಗೆ ಹೇಳಿರಿ. ನೆರೆಮನೆಯ ಮಗುವಿನ ಅಂಕಗಳನ್ನು ಮನೆಯೊಳಗೆ ತರಬೇಡಿ. ಕುಗ್ಗಿದ ಹೆಣ್ಣುಮಗಳಿಗೆ ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎನ್ನುವುದು ರೋಗದ ಮೇಲೆ ಹೊಸ ಭಾರ ಹೊರಿಸಿದಂತೆ; ಹದಿನೆಂಟು ತುಂಬದಿದ್ದರೆ ಅದು ಅಪರಾಧವೂ ಹೌದು.

ಹಸಿದು ಬಂದವರನ್ನು ‘ಏಕೆ ಹಸಿದೆ?’ ಎಂದು ಕೇಳದೆ ಎಲೆ ಹಾಕುವುದು ದಾಸೋಹದ ರೀತಿ. ನೊಂದ ಮಗುವಿಗೂ ಮೊದಲು ಬೇಕಾದದ್ದು ಅಂತಹ ಕಿವಿ, ವಿಚಾರಣೆ ಆಮೇಲೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮೊಬೈಲ್ ಬದಿಗಿಟ್ಟು ನಿಮ್ಮ ಮಗನನ್ನೋ ಮಗಳನ್ನೋ ಮಾತನಾಡಿಸಿರಿ. 14416 ಸಂಖ್ಯೆಯನ್ನು ಗೋಡೆಯ ಪಂಚಾಂಗದ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಡಿರಿ.