ಹಳೆಯ ಕಾರಿನ ಬ್ರೇಕು: ದೋಷವನ್ನು ಅರಿಯುವ ಬಗೆ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸುಮಾರು 35 ಕಿಲೋಮೀಟರು ಸಾಗಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಒಂದು ಬೇಸಗೆಯ ಮಧ್ಯಾಹ್ನ ನಾವು ಮನೆಯ ಹಳೆಯ ಕಾರಿನಲ್ಲಿ ಆ ದಾರಿ ಹಿಡಿದಿದ್ದೆವು. ಊರು ಸಮೀಪಿಸಿದಾಗ ಬಾಳೆಗೊನೆ ಹೇರಿದ ಬಂಡಿಯೊಂದು ರಸ್ತೆಗೆ ಅಡ್ಡ ಬಂದಿತು. ಬ್ರೇಕಿನ ಪೆಡಲನ್ನು ಒತ್ತಿದರೆ ಅದು ಹತ್ತಿಯ ಮೂಟೆಯಂತೆ ಮೆತ್ತಗೆ ಕೆಳಗಿಳಿಯಿತು, ಕಾರು ನಿಲ್ಲಲಿಲ್ಲ. ಬೇಗ ಬೇಗ ಮೂರು ಬಾರಿ ಒತ್ತಿದ ಮೇಲೆ ಬ್ರೇಕು ಹಿಡಿಯಿತು. ಬಂಡಿಗೂ ಕಾರಿಗೂ ನಡುವೆ ಉಳಿದುದು ಒಂದೇ ಮಾರು. ಸಂಜೆಯವರೆಗೆ ಕಮಲಾಪುರದಲ್ಲಿಯೇ ತಂಗಿ, ನಿಧಾನವಾಗಿ ಹಿಂದಿರುಗಿದೆವು. ಮರುದಿನ ಬೆಳಿಗ್ಗೆ ಮಿಸ್ತ್ರಿಗೆ ತೋರಿಸಿದಾಗ ಪೆಡಲು ಗಟ್ಟಿಯಾಗಿಯೇ ಇತ್ತು! ಹಾಗಾದರೆ ದೋಷವೆಲ್ಲಿ?

ಬ್ರೇಕು ಮಾಡುವ ಕೆಲಸ

1,100 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಅದರ ಚಲನಶಕ್ತಿ ಸುಮಾರು 1,50,000 ಜೂಲು. ವೇಗವು ಅರ್ಧವಾದರೆ ಈ ಶಕ್ತಿಯು ಕಾಲುಭಾಗಕ್ಕೆ ಇಳಿಯುತ್ತದೆ. ಕಾರು ನಿಲ್ಲಬೇಕಾದರೆ ಈ ಶಕ್ತಿಯೆಲ್ಲವೂ ಘರ್ಷಣೆಯಿಂದ ಉಷ್ಣವಾಗಿ ಮಾರ್ಪಡಬೇಕು. ಹಳೆಯ ಅಂಬಾಸಿಡರ್, ಪದ್ಮಿನಿ ಮೊದಲಾದ ಕಾರುಗಳಲ್ಲಿ ಈ ಘರ್ಷಣೆಯು ಚಕ್ರದೊಡನೆ ತಿರುಗುವ ಡ್ರಮ್ಮಿಗೂ ಅದರೊಳಗಿನ ಬ್ರೇಕ್ ಶೂಗಳಿಗೂ ನಡುವೆ ನಡೆಯುತ್ತದೆ.

ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಬ್ರೇಕ್ ಆಯಿಲ್. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮವಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿ ಪಾಸ್ಕಲನು ತೋರಿಸಿಕೊಟ್ಟನು. ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿದ ಒತ್ತಡವು ಕೊಳವೆಗಳ ಮೂಲಕ ಸಾಗಿ ಪ್ರತಿ ಚಕ್ರದ ಸಿಲಿಂಡರಿನಲ್ಲಿ ಶೂಗಳನ್ನು ಅಗಲಿಸುತ್ತದೆ.

ಒಂದು ಸುಲಭ ಪ್ರಯೋಗ

ಸೂಜಿಯಿಲ್ಲದ ಎರಡು ಸಿರಿಂಜುಗಳನ್ನು ಸಣ್ಣ ರಬ್ಬರು ಕೊಳವೆಯಿಂದ ಜೋಡಿಸಿ, ಗಾಳಿ ಉಳಿಯದಂತೆ ನೀರು ತುಂಬಿರಿ. ಒಂದನ್ನು ಒತ್ತಿದೊಡನೆ ಇನ್ನೊಂದು ಹೊರಬರುತ್ತದೆ. ಈಗ ಒಳಗೆ ದೊಡ್ಡದೊಂದು ಗಾಳಿಗುಳ್ಳೆಯನ್ನು ಬಿಟ್ಟು, ಎರಡನೆಯ ಸಿರಿಂಜನ್ನು ಬೆರಳಿನಿಂದ ತಡೆದು, ಮೊದಲನೆಯದನ್ನು ಒತ್ತಿರಿ. ನಿಮ್ಮ ಶ್ರಮವು ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ಕಳೆಯುತ್ತದೆ. ಮೆತ್ತನೆಯ ಪೆಡಲಿನ ರಹಸ್ಯವು ಇದೇ.

ಲಕ್ಷಣಗಳಿಂದ ದೋಷದ ಕಡೆಗೆ

ವೈದ್ಯನು ನಾಡಿ ಹಿಡಿಯುವಂತೆ ನಾವು ಪೆಡಲಿನಿಂದ ಆರಂಭಿಸೋಣ. ಕಾರು ಸಮತಟ್ಟಾದ ನೆಲದಲ್ಲಿ ನಿಂತಿರಲಿ.

1. ಪೆಡಲು ಸ್ಪಂಜಿನಂತಿದ್ದರೆ ಕೊಳವೆಯಲ್ಲಿ ಗಾಳಿ ಅಥವಾ ಆವಿ ಸೇರಿದೆ. ಎರಡು ಮೂರು ಬಾರಿ ಒತ್ತಿದಾಗ ಅದು ಮೇಲೇರಿ ಗಟ್ಟಿಯಾದರೆ ಶೂ ಸವೆದು ಡ್ರಮ್ಮಿನಿಂದ ದೂರ ಸರಿದಿರಬಹುದು. ಮೇಲೇರಿಯೂ ಮೆತ್ತಗೆ ಉಳಿದರೆ ಗಾಳಿಯೇ ಕಾರಣ.

2. ಒತ್ತಿ ಹಿಡಿದ ಪೆಡಲು ಮೆಲ್ಲಮೆಲ್ಲನೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆಯುಂಟು. ಕೊಳವೆ, ಚಕ್ರಗಳ ಒಳಬದಿ ಎಲ್ಲಿಯೂ ತೇವವಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದಿದೆಯೆಂದು ಶಂಕಿಸಬೇಕು.

3. ಪೆಡಲು ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಶೂವಿನ ಲೈನಿಂಗ್ ಕಾದು ಗಾಜಿನಂತೆ ನುಣುಪಾಗಿದೆ, ಇಲ್ಲವೆ ಅದಕ್ಕೆ ಎಣ್ಣೆ ತಗಲಿದೆ.

4. ಬ್ರೇಕು ಹಾಕಿದಾಗ ಕಾರು ಒಂದೇ ಪಕ್ಕಕ್ಕೆ ಎಳೆದರೆ ಎದುರು ಪಕ್ಕದ ಬ್ರೇಕು ದುರ್ಬಲವಾಗಿರುವುದು ಸಾಮಾನ್ಯ.

5. ಓಟದ ತರುವಾಯ ಒಂದು ಡ್ರಮ್ಮು ಮಾತ್ರ ಅತಿಯಾಗಿ ಕಾದಿದ್ದರೆ ಅಲ್ಲಿಯ ಶೂ ಹಿಂದೆ ಸರಿಯದೆ ಉಜ್ಜುತ್ತಲೇ ಇದೆ. ಕೈಯನ್ನು ಹತ್ತಿರ ಹಿಡಿದು ನೋಡಬೇಕೇ ಹೊರತು ಮುಟ್ಟಬಾರದು.

ನಮ್ಮ ಕಾರಿಗೆ ಆದುದೇನು?

ಕಮಲಾಪುರದಲ್ಲಿ ಮುಂದಿನ ಎಡಚಕ್ರದಿಂದ ಸುಟ್ಟ ವಾಸನೆ ಬಂದುದನ್ನು ನಾವು ಮಿಸ್ತ್ರಿಗೆ ಹೇಳಿದೆವು. ಜಾಕು ಕೊಟ್ಟು ತಿರುಗಿಸಿದಾಗ ಆ ಚಕ್ರವು ಬಿಗಿಯಾಗಿತ್ತು. ತುಕ್ಕಿನಿಂದ ಅದರ ಸಿಲಿಂಡರು ಅಂಟಿಕೊಂಡಿತ್ತು. ಬ್ರೇಕ್ ಆಯಿಲನ್ನು ಬದಲಿಸಿ ವರ್ಷಗಳೇ ಆಗಿದ್ದವು. ಈ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಯುವ ಬಿಂದುವು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇಕಡ 3.7ರಷ್ಟು ನೀರು ಸೇರಿದಾಗ ಈ ಕನಿಷ್ಠ ಮಿತಿಯು 140 ಡಿಗ್ರಿಗೆ ಇಳಿಯುತ್ತದೆ. ಉಜ್ಜಿ ಕಾದ ಡ್ರಮ್ಮಿನ ಬಳಿ ಹಳೆಯ ದ್ರವವು ಕುದಿದು ಆವಿಯಾಯಿತು. ಪೆಡಲಿನ ಒತ್ತಡವು ಆವಿಯನ್ನು ಕುಗ್ಗಿಸುವುದರಲ್ಲಿ ಕಳೆಯಿತು. ರಾತ್ರಿ ತಣಿದಾಗ ಆವಿಯು ಮತ್ತೆ ದ್ರವವಾಯಿತು. ಆದುದರಿಂದಲೇ ಬೆಳಿಗ್ಗೆ ಪೆಡಲು ಗಟ್ಟಿ! ಸಿಲಿಂಡರನ್ನೂ ದ್ರವವನ್ನೂ ಬದಲಿಸಿ ಗಾಳಿ ತೆಗೆದ ಮೇಲೆ ದೋಷವು ಮರುಕಳಿಸಲಿಲ್ಲ.

ನೆನಪಿಡತಕ್ಕದ್ದು

ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳನ್ನು ಊದಿ ಹಾರಿಸಬಾರದು. ಓಟದಲ್ಲಿ ಬ್ರೇಕು ಕೈಕೊಟ್ಟರೆ ಪೆಡಲನ್ನು ಬೇಗ ಬೇಗ ಒತ್ತಿ, ಗೇರನ್ನು ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲನೆ ಎಳೆಯಬೇಕು. ಅದು ತಂತಿಯಿಂದ ನಡೆಯುವುದಾದ್ದರಿಂದ ದ್ರವದ ದೋಷವು ಅದಕ್ಕೆ ತಟ್ಟದು. ಎಲ್ಲಕ್ಕಿಂತ ಮುಖ್ಯವಾಗಿ, ತಣ್ಣಗಿರುವಾಗ ಸರಿಯಾಗಿ ಕಂಡ ಬ್ರೇಕು ಬಿಸಿಯಲ್ಲಿಯೂ ಸರಿಯಾಗಿರುವುದೆಂದು ನಂಬಬಾರದು. ಕಮಲಾಪುರದ ಆ ಬಂಡಿಯು ನಮಗೆ ಕಲಿಸಿದ ಪಾಠವಿದು.