ಅರಳುಮರುಳು ಅನ್ನುವ ಮೊದಲು

ಟಿ.ವಿ. ಮುಂದೆ ಕೂತ ಮಾವನವರ ಬಲಗೈ ತೊಡೆಯ ಮೇಲೆ ಸುಮ್ಮನೆ ಇರುವುದಿಲ್ಲ. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತ, ಜಪಮಣಿ ಎಣಿಸಿದ ಹಾಗೆ ಆಡುತ್ತಿರುತ್ತದೆ. ನೀವು ನೋಡುತ್ತೀರಿ, 'ವಯಸ್ಸಾಯಿತಲ್ಲ' ಅಂದುಕೊಂಡು ಚಾನೆಲ್ ಬದಲಿಸುತ್ತೀರಿ. ಅತ್ತೆಯವರು ಕೇಳಿದ್ದನ್ನೇ ನಾಲ್ಕನೇ ಸಲ ಕೇಳಿದರೆ 'ಅರವತ್ತಕ್ಕೆ ಅರಳುಮರುಳು' ಎಂದು ನಕ್ಕುಬಿಡುತ್ತೀರಿ. ನಾನು ಗಾದೆಯಿಲ್ಲದೆ ಎರಡು ಮಾತಾಡದ ಹೆಂಗಸು. ಆದರೂ ಹೇಳುತ್ತೇನೆ, ಈ ಒಂದು ಗಾದೆಯನ್ನು ಅಟ್ಟದ ಮೇಲೆ ಹಾಕಿ. ಎಷ್ಟೋ ಮನೆಗಳಲ್ಲಿ ಹಿರಿಯರು ವೈದ್ಯರ ಬಾಗಿಲಿಗೆ ಹೋಗದಂತೆ ಇದೇ ಅಡ್ಡ ನಿಂತಿದೆ.

ಬೇರೆಯವರ ಮನೆ ಕಥೆ ಯಾಕೆ, ನಮ್ಮದನ್ನೇ ಹೇಳುತ್ತೇನೆ. ನಮ್ಮ ಭಾವನವರ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಒಂದು ವರ್ಷ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟಾಗತೊಡಗಿತು. ಸಹಿ ಹೊಂದುವುದಿಲ್ಲ ಎಂದು ಚೆಕ್ ವಾಪಸ್ ಬಂದಾಗ ನಾವೆಲ್ಲ ಕೂತು ನಕ್ಕೆವು. ನಡೆಯುವಾಗ ಒಂದು ಕೈ ಬೀಸುತ್ತಿರಲಿಲ್ಲ, ಅದನ್ನೂ ನೋಡಿದ್ದೆವು. ಒಗ್ಗರಣೆ ಸೀದರೂ ವಾಸನೆ ತಿಳಿಯುತ್ತಿರಲಿಲ್ಲ. ಹಾಗೇ ಎರಡು ವರ್ಷ ಕಳೆದ ಮೇಲೆ ಪಾರ್ಕಿನ್ಸನ್ ಎಂದು ಗೊತ್ತಾಯಿತು. ತಪ್ಪು ಯಾರದ್ದೂ ಅಲ್ಲ, ನಮ್ಮದೇ.

ಅದಾದ ಮೇಲೆ ಈ ಕಾಯಿಲೆಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತ ಓದುತ್ತ ಒಂದು ಹೆಸರು ಮತ್ತೆ ಮತ್ತೆ ಎದುರಾಯಿತು, ವಿಜಯಲಕ್ಷ್ಮಿ ರವೀಂದ್ರನಾಥ್. ಆಂಧ್ರ ವಿಶ್ವವಿದ್ಯಾಲಯದಲ್ಲಿ ಓದಿ, 1981ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದವರು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಅಲ್ಲಿಂದ ನಾಲ್ಕು ದಶಕ ಅವರು ಹಿಡಿದ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮಿದುಳಿನ ಜೀವಕೋಶ ಯಾಕೆ ಸಾಯುತ್ತದೆ, ಅದನ್ನು ತಡೆಯುವುದು ಹೇಗೆ? ಅವರು ಮಾಡಿದ ಕೆಲಸದಲ್ಲಿ ನಿಮಗೂ ನನಗೂ ಬೇಕಾದ ಬುದ್ಧಿಮಾತು ಬೇಕಾದಷ್ಟಿದೆ. ಒಂದೊಂದಾಗಿ ಹೇಳುತ್ತೇನೆ, ಮೊಬೈಲು ಆ ಕಡೆ ಇಡಿ.

ಮೊದಲಿಗೆ ಮಾತ್ರೆಯ ವಿಷಯ. ನುಂಗಿದ ಔಷಧಿಯನ್ನು ಒಡೆದು ಅರಗಿಸುವುದು ಮುಖ್ಯವಾಗಿ ಪಿತ್ತಜನಕಾಂಗ. ಮಿದುಳಿಗೆ ತನ್ನದೇ ಆದ ಅಂಥ ವ್ಯವಸ್ಥೆ ಉಂಟೇ ಎಂದು ನಿಮ್ಹಾನ್ಸ್‌ನಲ್ಲಿ ಇವರು ಮನುಷ್ಯರ ಮಿದುಳಿನ ಅಂಗಾಂಶದಲ್ಲೇ ಹುಡುಕಿದರು. ಉಂಟು ಎಂದು ತೋರಿಸಿದರು. ಅಂದರೆ ಮಿದುಳು ಬಂದ ಔಷಧಿಯನ್ನು ಸುಮ್ಮನೆ ಸ್ವೀಕರಿಸುವ ಪಾತ್ರೆಯಲ್ಲ, ಅಲ್ಲೂ ಒಂದು ಅಡುಗೆ ನಡೆಯುತ್ತದೆ. ನೀವೋ, ಪಕ್ಕದ ಮನೆಯವರಿಗೆ ಹಿಡಿಸಿತು ಎಂದು ಅದೇ ಮಾತ್ರೆ ತಂದು ನುಂಗುತ್ತೀರಿ! ತಲೆಸುತ್ತಿಗೆ ಎಂದು ಎಂದೋ ಬರೆದುಕೊಟ್ಟ ಸಿನ್ನರಿಜಿನ್, ತಲೆನೋವಿಗೆಂದು ಕೊಟ್ಟ ಫ್ಲುನರಿಜಿನ್ ಚೀಟಿಯನ್ನು ಹಿಡಿದು ವರ್ಷಗಟ್ಟಲೆ ಅಂಗಡಿಯಿಂದ ತರಿಸುವವರು ಎಷ್ಟು ಜನ ಬೇಕು? ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಹಾಗೆಯೇ. ಇವು ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡಬರುತ್ತವೆ. ಹಿರಿಯರು ಬಹುಕಾಲ ತೆಗೆದುಕೊಂಡರೆ ಪಾರ್ಕಿನ್ಸನ್‌ನಂಥದ್ದೇ ನಡುಕ, ಬಿಗಿತ ಬರಬಹುದು. ಸಮಾಧಾನದ ಮಾತೆಂದರೆ ಮಾತ್ರೆ ನಿಲ್ಲಿಸಿದ ಮೇಲೆ ಬಹಳಷ್ಟು ಮಂದಿಯಲ್ಲಿ ಅದು ತಿಂಗಳುಗಳಲ್ಲಿ ಇಳಿಯುತ್ತದೆ. ಹಾಗಂತ ಈಗಲೇ ಎದ್ದು ಹೋಗಿ ಎಲ್ಲ ಮಾತ್ರೆ ತಿಪ್ಪೆಗೆ ಎಸೆಯಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮುಂದೆ ಸುರಿಯಿರಿ. ಚೀಟಿ ಬೇಡ, ಮಾತ್ರೆಯೇ ಬೇಕು.

ಮುಂದೆ ವಿಜಯಲಕ್ಷ್ಮಿಯವರು ಕೇಸರಿ ಬೇಳೆಯ ಬೆನ್ನು ಹತ್ತಿದರು. ಮಧ್ಯಪ್ರದೇಶ, ಬಿಹಾರದ ಕಡೆ ಬರಗಾಲದಲ್ಲಿ ಬಡವರು ತಿಂಗಳುಗಟ್ಟಲೆ ಇದನ್ನೇ ಉಂಡರೆ ಕಾಲು ಸೆಟೆದು ಕೋಲು ಹಿಡಿಯುವಂತಾಗುತ್ತಿತ್ತು. ಆ ಬೇಳೆಯ ನಂಜು ಹೇಗೆ ಕೆಲಸ ಮಾಡುತ್ತದೆ ಎಂದು ಇಲಿಗಳಲ್ಲಿ ನೋಡಿದಾಗ ಸಿಕ್ಕಿದ್ದು ಮೈಟೊಕಾಂಡ್ರಿಯಾ. ಅದನ್ನು ಜೀವಕೋಶದ ಒಲೆ ಅನ್ನಿ. ಒಲೆ ಉರಿದರೆ ಮಸಿ ಹಿಡಿಯುತ್ತದೆ. ಮಸಿ ಒರೆಸುವುದಕ್ಕೆ ಗ್ಲುಟಾಥಯೋನ್ ಎಂಬ ಆಳು ಇದೆ, ಅದರ ಜೊತೆ ಗ್ಲುಟಾರೆಡಾಕ್ಸಿನ್ ಎಂಬ ಕಿಣ್ವ. ಆಳು ಕೈಕೊಟ್ಟರೆ ಒಲೆ ಕಟ್ಟಿಕೊಳ್ಳುತ್ತದೆ, ಕೋಶ ಸಾಯುತ್ತದೆ. ಪಾರ್ಕಿನ್ಸನ್‌ನಲ್ಲೂ ಏಟು ಬೀಳುವುದು ಇದೇ ಒಲೆಗೆ. ಇದರಲ್ಲಿ ಒಂದು ಸೋಜಿಗ ಕೇಳಿ. ಹೆಣ್ಣಿಲಿಗಳ ಮಿದುಳಿನಲ್ಲಿ ಈ ಕಿಣ್ವ ಹೆಚ್ಚಿರುವುದರಿಂದ ಅವಕ್ಕೆ ಹಾನಿ ಕಡಿಮೆ, ಈಸ್ಟ್ರೋಜನ್ ಕಾವಲಿದೆ ಎಂದು ಇವರ ತಂಡ ತೋರಿಸಿತು. ಪಾರ್ಕಿನ್ಸನ್ ಗಂಡಸರಲ್ಲೇ ಹೆಚ್ಚು. ಆದ್ದರಿಂದ 'ನನಗೇನೂ ಆಗಿಲ್ಲ' ಎಂದು ಗದರಿ ಆಸ್ಪತ್ರೆಗೆ ಬರದ ಯಜಮಾನರಿಗೆ ಈ ಮಾತನ್ನು ಓದಿ ಹೇಳಿ. ಹೊಲಕ್ಕೆ ಔಷಧಿ ಹೊಡೆಯುವವರಿಗೂ ಒಂದು ಮಾತು. ಪ್ಯಾರಾಕ್ವಾಟ್, ರೊಟೆನೋನ್‌ನಂಥ ವಿಷಗಳಿಗೂ ಈ ಕಾಯಿಲೆಗೂ ನಂಟಿದೆ ಎಂದು ಅಧ್ಯಯನಗಳು ಹೇಳುತ್ತವೆ. ಬರಿಗೈಯಲ್ಲಿ ಕಲಸಿ, ಅದೇ ಕೈಯಲ್ಲಿ ಬೀಡಿ ಹಚ್ಚಬೇಡಿ. ಮೂಗಿಗೆ ಬಾಯಿಗೆ ಬಟ್ಟೆ, ಕೈಗೆ ಗವಸು, ಮನೆಗೆ ಬಂದ ತಕ್ಷಣ ಸ್ನಾನ. ಖಾಲಿ ಡಬ್ಬದಲ್ಲಿ ನೀರು ತುಂಬಿಸುವ ಚಾಳಿಯನ್ನು ಇವತ್ತಿಗೇ ಬಿಡಿ.

ಈಗ ಅಶ್ವಗಂಧದ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ಜಗಳ ಇರುವುದೇ ಇಲ್ಲಿ. 2012ರಲ್ಲಿ ಇವರ ತಂಡ ಒಂದು ಪ್ರಬಂಧ ಪ್ರಕಟಿಸಿತು. ಆಲ್ಜೈಮರ್ ಬರುವಂತೆ ರೂಪಿಸಿದ ಇಲಿಗಳಿಗೆ ಅಶ್ವಗಂಧದ ಬೇರಿನಿಂದ ತೆಗೆದ ಸಾರವನ್ನು 30 ದಿನ ಬಾಯಿಗೆ ಕೊಟ್ಟರು. ಮಿದುಳಿನಲ್ಲಿ ಗಂಟು ಕಟ್ಟುವ ಅಮೈಲಾಯ್ಡ್ ಇಳಿಯಿತು, ಇಲಿಗಳ ನೆನಪು ಸುಧಾರಿಸಿತು. ಅದಕ್ಕಿಂತ ಚಂದದ ಸಂಗತಿಯೆಂದರೆ, ಔಷಧಿ ಕೆಲಸ ಮಾಡಿದ್ದು ಪಿತ್ತಜನಕಾಂಗದ ಮೂಲಕ. ಅಲ್ಲಿ ಒಂದು ಪ್ರೋಟೀನು ಹೆಚ್ಚಾಗಿ, ಅದು ಮಿದುಳಿನ ಕಸವನ್ನು ರಕ್ತದ ದಾರಿಯಲ್ಲಿ ಹೊರಕ್ಕೆ ಸೆಳೆಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಬಾಯಿ ಮುಚ್ಚಿಸುವ ಕೆಲಸವೇ ಸರಿ. ಆದರೆ ನೀವೇನು ಮಾಡಿದಿರಿ? ವಾಟ್ಸಾಪಿನಲ್ಲಿ ಬಂದ ಒಂದು ಸಾಲು ಓದಿ, ಡಬ್ಬಗಟ್ಟಲೆ ಪುಡಿ ತಂದು ಅಪ್ಪನ ಹಾಲಿಗೆ ಕಲಸಿದಿರಿ!

ಅಲ್ಲ, ಇಲಿಗೂ ನಿಮ್ಮ ಅಪ್ಪನಿಗೂ ವ್ಯತ್ಯಾಸ ಬೇಡವೇ? ಅವರು ಕೊಟ್ಟದ್ದು ಪ್ರಯೋಗಶಾಲೆಯಲ್ಲಿ ಶುದ್ಧಿ ಮಾಡಿ ಅಳೆದ ಸಾರ, ನೀವು ತಂದದ್ದು ಅಂಗಡಿಯ ಪುಡಿ. ಇಲಿಯಲ್ಲಿ ಗೆದ್ದ ಆಲ್ಜೈಮರ್ ಔಷಧಿಗಳು ಮನುಷ್ಯರಲ್ಲಿ ಸೋತದ್ದೇ ಹೆಚ್ಚು. ಅಶ್ವಗಂಧದ ಮಾತ್ರೆ ಪುಡಿಗಳಿಂದ ಪಿತ್ತಜನಕಾಂಗಕ್ಕೇ ಪೆಟ್ಟು ಬಿದ್ದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ನಸುಗುನ್ನಿ ಬೀಜದ್ದೂ ಇದೇ ಕಥೆ. ಅದರಲ್ಲಿ ಪಾರ್ಕಿನ್ಸನ್ ಔಷಧಿಯಾದ ಲೆವೊಡೋಪಾ ಇರುವುದು ನಿಜ, 1937ರಷ್ಟು ಹಿಂದೆಯೇ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದ್ದಾರೆ. ಆದರೆ ಯಾವ ಬೀಜದಲ್ಲಿ ಎಷ್ಟಿದೆ ಎಂದು ನಿಮ್ಮ ಚಮಚಕ್ಕೆ ಗೊತ್ತಾಗುವುದಿಲ್ಲ. ವೈದ್ಯರು ಕೊಟ್ಟ ಮಾತ್ರೆಯ ಮೇಲೆ ಇದೂ ಸೇರಿದರೆ ಅಳತೆ ತಪ್ಪುತ್ತದೆ. ಕೊಡಲೇಬೇಕೆನಿಸಿದರೆ ವೈದ್ಯರಿಗೆ ಹೇಳಿ ಕೊಡಿ, ಮುಚ್ಚಿಡಬೇಡಿ. ಬೈದರೆ ಬೈಸಿಕೊಳ್ಳಿ.

ಲೆವೊಡೋಪಾ ಎಂದೆನಲ್ಲ, ಅದರ ಉಪಚಾರವನ್ನೂ ಕೇಳಿಬಿಡಿ. ಗಡಿಯಾರ ನೋಡಿ ಕೊಡಬೇಕಾದ ಔಷಧಿ ಇದು. ಸೀರಿಯಲ್ ಮುಗಿಯಲಿ, ಪೂಜೆ ಮುಗಿಯಲಿ ಎಂದರೆ ಅಷ್ಟರಲ್ಲಿ ಅವರ ಕಾಲು ನೆಲಕ್ಕೆ ಅಂಟಿರುತ್ತದೆ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ಒಳ್ಳೆಯದು. ಬೇಳೆ, ಹಾಲು, ಮೊಟ್ಟೆ, ಮಾಂಸದ ಪ್ರೋಟೀನು ಈ ಮಾತ್ರೆಯ ಜೊತೆ ಒಂದೇ ಬಾಗಿಲಲ್ಲಿ ನುಗ್ಗಲು ನೋಡುತ್ತದೆ, ಮಾತ್ರೆ ಹಿಂದೆ ಬೀಳುತ್ತದೆ. ಹಾಗೆಂದು ಬೇಳೆ ಸಾರನ್ನೇ ನಿಲ್ಲಿಸಿ ಅವರನ್ನು ಸೊರಗಿಸಬೇಡಿ, ಹೊತ್ತು ಬದಲಿಸಿದರೆ ಸಾಕು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದಂತೂ ಕೂಡದೇ ಕೂಡದು, ಜೀವಕ್ಕೇ ಅಪಾಯ. ಊರಿಗೆ ಹೋಗುವಾಗ ಸೀರೆ ಎಣಿಸುವ ಮೊದಲು ಮಾತ್ರೆ ಎಣಿಸಿ.

ಇನ್ನು ಶ್ರೀನಿವಾಸಪುರ. ಮಾವಿನ ಹಣ್ಣಿಗೆ ಹೆಸರಾದ ಕೋಲಾರದ ಆ ತಾಲ್ಲೂಕು ಮಿದುಳಿನ ಕೆಲಸಕ್ಕೂ ಹೆಸರಾಗಿದೆ ಎಂದು ನಿಮಗೆ ಗೊತ್ತೇ? 1999ರಲ್ಲಿ ಶುರುವಾದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಬುಡದಿಂದ ಕಟ್ಟಿ ನಿಲ್ಲಿಸಿ, ವಿಜಯಲಕ್ಷ್ಮಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿನ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿಯಾದರು. ಅಷ್ಟರಲ್ಲಿ ಭಟ್ನಾಗರ್ ಪ್ರಶಸ್ತಿ, ಪದ್ಮಶ್ರೀ ಎರಡೂ ಬಂದಿದ್ದವು, ಆರಾಮಾಗಿ ಕೂರಬಹುದಿತ್ತು. ಅವರು ಹಳ್ಳಿಯ ಕಡೆ ನೋಡಿದರು. ಮಿದುಳಿನ ಮುಪ್ಪಿನ ಬಗ್ಗೆ ಜಗತ್ತಿಗೆ ಗೊತ್ತಿರುವುದೆಲ್ಲ ಹೆಚ್ಚಾಗಿ ಯುರೋಪು, ಅಮೆರಿಕದ ಓದಿದ ಜನರಿಂದ ಬಂದದ್ದು. ರಾಗಿ ಮುದ್ದೆ ಉಂಡು, ಹೊಲದಲ್ಲಿ ದುಡಿದು, ಶಾಲೆಯ ಮುಖವನ್ನೇ ನೋಡದವರ ಮಿದುಳು ಹೇಗೆ ಮುಪ್ಪಾಗುತ್ತದೆ? ಅದನ್ನು ತಿಳಿಯಲು 2018ರಲ್ಲಿ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಅಧ್ಯಯನ ಶುರುವಾಯಿತು. 45 ದಾಟಿದ 10,000 ಜನರನ್ನು ವರ್ಷ ವರ್ಷ ನೋಡುತ್ತ ಹೋಗುವ ಗುರಿ. ರಕ್ತ, ನೆನಪು, ಮಿದುಳಿನ ಸ್ಕ್ಯಾನ್, ವಂಶವಾಹಿ ಎಲ್ಲವನ್ನೂ ನೋಡುತ್ತಾರೆ. ಹಳ್ಳಿಯವರು ಕೂಲಿ, ಕೊಟ್ಟಿಗೆ ಬಿಟ್ಟು ಬಂದು ರಕ್ತ ಕೊಡುತ್ತಾರೆ. ನೀವು ಮನೆ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ ಎರಡು ಪ್ರಶ್ನೆಗೆ ಉತ್ತರ ಹೇಳಲು ಮುಖ ಗಂಟಿಕ್ಕುತ್ತೀರಿ!

ಆ 45 ಎಂಬ ಸಂಖ್ಯೆಯನ್ನು ನೆನಪಿಡಿ. 75 ಅಲ್ಲ. ಪಾರ್ಕಿನ್ಸನ್‌ನಲ್ಲಿ ಕೈ ನಡುಗುವ ಹೊತ್ತಿಗೆ ಮಿದುಳಿನಲ್ಲಿ ಚಲನೆ ನೋಡಿಕೊಳ್ಳುವ ಜಾಗದ ಡೋಪಮಿನ್ ಕೋಶಗಳಲ್ಲಿ ಅರ್ಧದಷ್ಟು ಆಗಲೇ ಹೋಗಿರುತ್ತವೆ. ಆಲ್ಜೈಮರ್‌ನ ಗಂಟುಗಳೂ ಮರೆವು ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಕಟ್ಟಲು ಶುರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು? ನಡುವಯಸ್ಸಿನಲ್ಲೇ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಕಿವಿ ಮಂದವಾದರೆ ಶ್ರವಣಯಂತ್ರ ಹಾಕಿಕೊಳ್ಳಿ, ನಾಚಿಕೆ ಪಡುವಂಥದ್ದೇನಿದೆ? ಲ್ಯಾನ್ಸೆಟ್ ಆಯೋಗದ 2024ರ ವರದಿ ಇಂಥ 14 ಕಾರಣಗಳನ್ನು ಎಣಿಸಿ, ಅವನ್ನು ಸರಿಪಡಿಸಿದರೆ ಸುಮಾರು ಶೇಕಡಾ 45ರಷ್ಟು ಮರೆಗುಳಿತನವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದಿದೆ. ಧೂಮಪಾನ, ಕುಡಿತ, ತಲೆಗೆ ಪೆಟ್ಟು, ಒಂಟಿತನ ಎಲ್ಲ ಆ ಪಟ್ಟಿಯಲ್ಲಿವೆ. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಗಾಡಿ ಓಡಿಸುವ ಮಕ್ಕಳೇ, ನಿಮಗೂ ಸೇರಿ ಹೇಳಿದ್ದು.

ಗಮನಿಸಬೇಕಾದ ಸೂಚನೆಗಳು ಸಣ್ಣವು. ವಾಸನೆ ತಿಳಿಯದಿರುವುದು, ಬಿಡದ ಮಲಬದ್ಧತೆ, ನಿದ್ದೆಯಲ್ಲಿ ಕಿರುಚಿ ಕೈಕಾಲು ಬಡಿಯುವುದು, ದನಿ ಇಳಿಯುವುದು, ಮುಖದಲ್ಲಿ ನಗು ಮೂಡದಿರುವುದು. ಒಂದು ಕಂಡರೆ ಹೆದರಬೇಡಿ, ಎರಡು ಮೂರು ಸೇರಿದರೆ ನರರೋಗ ತಜ್ಞರ ಹತ್ತಿರ ಹೋಗಿ. ನಡುಕವೆಲ್ಲ ಪಾರ್ಕಿನ್ಸನ್ ಅಲ್ಲ. ಲೋಟ ಎತ್ತುವಾಗ ಮಾತ್ರ ನಡುಗಿದರೆ ಅದು ಬೇರೆಯೇ ಇರಬಹುದು. ಅದನ್ನು ತೀರ್ಮಾನಿಸುವುದು ನಿಮ್ಮ ಕೆಲಸವೂ ಅಲ್ಲ, ನನ್ನದೂ ಅಲ್ಲ.

ಒಂದು ಭಾರವಾದ ಮಾತೂ ಇದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ತೀರಿಕೊಂಡವರ ಮಿದುಳನ್ನು ಮನೆಯವರ ಒಪ್ಪಿಗೆ ಪಡೆದು ಸಂಶೋಧನೆಗೆ ಇಡುತ್ತಾರೆ. ಇಲಿಯ ಮಿದುಳು ಹೇಳದ್ದನ್ನು ಮನುಷ್ಯರ ಮಿದುಳೇ ಹೇಳಬೇಕು. ನೇತ್ರದಾನಕ್ಕೆ ಒಪ್ಪುವ ನೀವು ಇದಕ್ಕೆ ಮಾತ್ರ ಬೆಚ್ಚುತ್ತೀರಿ. ಸಾವಿನ ಮನೆಯಲ್ಲಿ ಕೇಳಿದರೆ ಯಾರ ಬಾಯಿಂದಲೂ ಹೂಂ ಹೊರಡುವುದಿಲ್ಲ. ಎಲ್ಲರೂ ಚೆನ್ನಾಗಿರುವಾಗ, ಊಟಕ್ಕೆ ಕೂತಾಗ ಮಾತಾಡಿಡಿ. ನಮ್ಮ ಮನೆಯಲ್ಲಿ ಮಾತಾಡಿದ್ದೇವೆ. ಭಾವನವರೇ ಮೊದಲು ಹೂಂ ಅಂದರು.

ಸಂಶೋಧನೆಗೆ ಹೋಗುತ್ತೇನೆ ಎನ್ನುವ ಮಗಳಿಗೆ 'ಮದುವೆ ಯಾವಾಗ, ಸಂಬಳ ಎಷ್ಟು' ಎಂದು ಕೇಳುವುದನ್ನೂ ಸ್ವಲ್ಪ ನಿಲ್ಲಿಸಿ. 1981ರಲ್ಲಿ ಪಿಎಚ್‌ಡಿ ಆದವರ ಕೆಲಸ ಇನ್ನೂ ಮುಗಿದಿಲ್ಲ, ಪಾರ್ಕಿನ್ಸನ್ ಗುಣಮಾಡುವ ಔಷಧಿ ಇನ್ನೂ ಬಂದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವಳನ್ನು ಕೂತು ಮಡಕೆ ಮಾಡಲು ಬಿಡಿ.

ನೀವು ಮಾಡಬೇಕಾದ ಕೆಲಸ ಐದು ನಿಮಿಷದ್ದು. ಇವತ್ತು ಸಂಜೆ ಅಪ್ಪ ಅಮ್ಮನ ಕೈಗೆ ಗೀಟಿಲ್ಲದ ಬಿಳಿ ಹಾಳೆ ಕೊಟ್ಟು ನಾಲ್ಕು ಸಾಲು ಬರೆಸಿ. ಕಿರಾಣಿ ಪಟ್ಟಿಯಾದರೂ ಆದೀತು. ಕೆಳಗೆ ತಾರೀಖು ಹಾಕಿ ಎತ್ತಿಡಿ. ಐದು ವರ್ಷ ಹಿಂದಿನ ಒಂದು ಪತ್ರವೋ ಲೆಕ್ಕದ ಪುಸ್ತಕವೋ ಬೀರುವಿನಲ್ಲಿ ಇದ್ದೇ ಇರುತ್ತದೆ, ಪಕ್ಕದಲ್ಲಿಟ್ಟು ನೋಡಿ. ಅಕ್ಷರ ಚಿಕ್ಕದಾಗಿದ್ದರೆ ನಗಬೇಡಿ, ಎರಡೂ ಹಾಳೆಗಳನ್ನು ವೈದ್ಯರಿಗೆ ತೋರಿಸಿ.