ಸೂರ್ಯಕಿರೀಟದಲ್ಲಿ ನಮ್ಮ ಕಬ್ಬಿಣ

ಕೂಡ್ಲಿಗಿಯಿಂದ ಸಂಡೂರಿನ ಕಡೆಗೆ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಕೆಂಪು ಮಣ್ಣು. ಆ ಕೆಂಪಿಗೆ ಕಬ್ಬಿಣವೇ ಕಾರಣವೆಂಬುದನ್ನು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಶಾಲಾಬಾಲಕರೂ ಬಲ್ಲರು. ಅದೇ ಕಬ್ಬಿಣವು ಸೂರ್ಯನ ಸುತ್ತ ಹಸಿರು ಬೆಳಕನ್ನು ಬೀರುತ್ತಿದೆ. ಇದನ್ನು ಅರಿಯಲು ವಿಜ್ಞಾನಿಗಳಿಗೆ ಎಪ್ಪತ್ತು ವರ್ಷಗಳೇ ಬೇಕಾದವು.

ಉರಿಯುವ ಜ್ವಾಲೆಗೆ ಉಪ್ಪನ್ನು ಚೆಲ್ಲಿದರೆ ಅದು ಹಳದಿಯಾಗುತ್ತದೆ. ಅದು ಸೋಡಿಯಂನ ಗುರುತು. ಹೀಗೆ ಪ್ರತಿಯೊಂದು ಮೂಲವಸ್ತುವಿಗೂ ಅದರದೇ ಆದ ರೋಹಿತರೇಖೆಗಳುಂಟು. 1868ರ ಆಗಸ್ಟ್ 18ರ ಪೂರ್ಣಗ್ರಹಣದಲ್ಲಿ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ನಮ್ಮ ಜಮಖಂಡಿಯಲ್ಲಿ ರೋಹಿತದರ್ಶಕವನ್ನು ಹೂಡಿ, ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಇಂತಹ ಹೊಳೆಯುವ ರೇಖೆಗಳನ್ನು ಕಂಡರು. ಮರುವರ್ಷ ಅಮೆರಿಕದಲ್ಲಿ ಗ್ರಹಣವಾದಾಗ, ಆ ಜ್ವಾಲೆಗಳಾಚೆಗಿನ ಸೂರ್ಯಕಿರೀಟದಲ್ಲಿ 5303 ಆಂಗ್‌ಸ್ಟ್ರಾಂ ಅಲೆಯುದ್ದದ ಹಸಿರು ರೇಖೆಯೊಂದು ಗೋಚರಿಸಿತು. ಭೂಮಿಯ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಆಗ ‘ಕೊರೋನಿಯಂ’ ಎಂಬ ಹೊಸ ಮೂಲವಸ್ತುವನ್ನೇ ಕಲ್ಪಿಸಲಾಯಿತು.

ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ 1940ರ ಸುಮಾರಿಗೆ ಈ ಒಗಟನ್ನು ಬಿಡಿಸಿದರು. ಕಬ್ಬಿಣದ ಪರಮಾಣುವಿನಲ್ಲಿ 26 ಎಲೆಕ್ಟ್ರಾನುಗಳಿವೆ. ಅವುಗಳಲ್ಲಿ ಸರಿಯಾಗಿ ಅರ್ಧದಷ್ಟನ್ನು, ಎಂದರೆ 13ನ್ನು, ಕಳೆದುಕೊಂಡ ಅಯಾನು ಈ ಹಸಿರು ಬೆಳಕನ್ನು ಸೂಸುತ್ತದೆ. ಅದು ಬಹು ನಿಧಾನವಾಗಿ ಹೊಮ್ಮುವ ಬೆಳಕು. ಸಾಂದ್ರವಾದ ಅನಿಲದಲ್ಲಾದರೆ ಪರಸ್ಪರ ಡಿಕ್ಕಿಗಳಿಂದ ಬೆಳಕು ಹೊಮ್ಮುವ ಮೊದಲೇ ಅಯಾನು ತನ್ನ ಶಕ್ತಿಯನ್ನು ಕಳೆದುಕೊಳ್ಳುವುದು. ಸೂರ್ಯಕಿರೀಟದ ಪ್ಲಾಸ್ಮಾ ಅತಿ ವಿರಳವಾದುದರಿಂದ ಅಲ್ಲಿ ಅದಕ್ಕೆ ಅವಕಾಶವುಂಟು. ಇಷ್ಟೊಂದು ಎಲೆಕ್ಟ್ರಾನುಗಳು ಕಳಚಬೇಕಾದರೆ ಸುಮಾರು 20 ಲಕ್ಷ ಡಿಗ್ರಿ ಉಷ್ಣತೆ ಬೇಕು. ಸೂರ್ಯನ ಮೇಲ್ಮೈಯದಾದರೋ ಸುಮಾರು 5,500 ಡಿಗ್ರಿ ಮಾತ್ರ. ಒಲೆಗಿಂತ ಅದರ ಸುತ್ತಲಿನ ಹೊಗೆಯೇ ನೂರಾರು ಪಟ್ಟು ಬಿಸಿಯಾಗಿರುವಂತಹ ಈ ವಿಚಿತ್ರಕ್ಕೆ ಪೂರ್ಣ ವಿವರಣೆ ಇಂದಿಗೂ ದೊರೆತಿಲ್ಲ.

1980ರ ಫೆಬ್ರವರಿ 16ರಂದು ಪೂರ್ಣಗ್ರಹಣದ ನೆರಳು ಅಂಕೋಲೆಯಿಂದ ರಾಯಚೂರಿನವರೆಗೆ ನಮ್ಮ ನಾಡನ್ನು ಹಾದುಹೋಯಿತು. ವಿಜ್ಞಾನಿಗಳು ಉಪಕರಣಗಳೊಡನೆ ಬಯಲಿನಲ್ಲಿ ನಿಂತರೆ, ಅನೇಕರು ಬಾಗಿಲಿಕ್ಕಿಕೊಂಡು ಒಳಗುಳಿದರು. ಇಂದು ಗ್ರಹಣಕ್ಕಾಗಿ ಕಾಯಬೇಕಾಗಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಸಿದ್ಧಪಡಿಸಿದ ಕಿರೀಟದರ್ಶಕವಿದೆ. ಅದರ ಲಕ್ಷ್ಯಗಳಲ್ಲಿ ಆ ಹಸಿರು ರೇಖೆಯೂ ಒಂದು.

ಅರಿಯದುದಕ್ಕೆ ಹೊಸ ಹೆಸರಿಟ್ಟ ಮಾತ್ರಕ್ಕೆ ಅರಿವು ಬಂದಂತಾಗದು. ಇದೇ ಕೊರೋನಿಯಂ ಕಲಿಸುವ ಪಾಠ. ಶಿಕ್ಷಕಬಂಧುಗಳು ಒಂದು ಹಿಡಿ ಉಪ್ಪು, ಒಂದು ದೀಪ, ಒಂದು ಗಾಜಿನ ಪಟ್ಟಕದಿಂದ ಈ ಪಾಠವನ್ನು ಆರಂಭಿಸಬಹುದು. ಪ್ರಯೋಗಶಾಲೆಗೆ ಒಂದು ರೋಹಿತದರ್ಶಕವನ್ನು ಒದಗಿಸುವ ದಾನಿಗಳು, ನಮ್ಮ ಮಕ್ಕಳು ಹೆಸರನ್ನು ಉರುಹೊಡೆಯದೆ ಬೆಳಕನ್ನು ತಾವೇ ಓದುವಂತೆ ಮಾಡಿದ ಪುಣ್ಯಕ್ಕೆ ಭಾಗಿಗಳಾಗುವರು.